ಸರ್ವರ್ ಡೌನ್

ದುರ್ಗಿಗುಡಿ ಅಡ್ಡರಸ್ತೆ, ಮಹಡಿ ಮೆಟ್ಟಿಲಡಿ ನನ್ನ ಅಂಗಡಿ.
ಮೊದಲು ಟೈಪಿಂಗ್ ಕಲಿಸುತ್ತಿದ್ದೆ, ಈಗ ಅರ್ಜಿ ತುಂಬುತ್ತೇನೆ:
ಪಹಣಿ, ಪಡಿತರ, ಪಿಂಚಣಿ, ಪಾನ್ ಕಾರ್ಡು.
ಬೋರ್ಡಿನ ಮೇಲೆ 'ಆನ್‌ಲೈನ್' ಎಂದಿದೆ.
ಆನ್ ಆಗುವುದು ಅದರಿಷ್ಟ,
ಲೈನು ಮಾತ್ರ ಬಾಗಿಲಾಚೆ ದಿನವೂ ಇದೆ.

ಲೋಕದ ಸುದ್ದಿ ನನಗೆ ಮಂಡಕ್ಕಿ ಪೊಟ್ಟಣದಲ್ಲಿ ಬರುತ್ತದೆ,
ಹದಿನೈದು ದಿನ ತಡವಾಗಿ, ಎಣ್ಣೆ ಹತ್ತಿ.
ನಿನ್ನೆಯದು: ಯಾವುದೋ ದೊಡ್ಡ ಕಂಪನಿ
'ನಾವೆಲ್ಲ ಒಂದೇ ಕುಟುಂಬ' ಎಂದದ್ದು ಬೆಳಿಗ್ಗೆ;
ಮಧ್ಯಾಹ್ನ ಆರು ಸಾವಿರ ಮಂದಿಗೆ ಇಮೇಲಿನಲ್ಲಿ ವಿಚ್ಛೇದನ.
ಮುಂದಿನ ಸಾಲು ಮೆಣಸಿನಕಾಯಿ ಬಜ್ಜಿಯಡಿ ಕರಗಿಹೋಗಿತ್ತು.
ಷೇರು ಏರಿತೋ ಇಳಿಯಿತೋ ತಿಳಿಯಲಿಲ್ಲ.
ಏರಿರಬೇಕು.

ಎದುರು ಹೋಟೆಲಿನ ವಾಮನನಿಗೆ ಎರಡು ದಿನ ಜ್ವರ.
ಕಾಫಿ ಎಲ್ಲಿ ಎಂದರೆ ಗಲ್ಲಾದಿಂದ ಕೂಗು: 'ಸರ್ವರ್ ಡೌನ್!'
ನಮ್ಮಲ್ಲೂ ಅದೇ ಕಣಪ್ಪ, ಎಂದೆ.
ವ್ಯತ್ಯಾಸ ಇಷ್ಟೆ, ವಾಮನ ಬುಧವಾರ ಎದ್ದ.

'ಎಲ್ಲ ಮೋಡದಲ್ಲಿಡಿ ಮೇಡಂ' ಎಂದ ಟೈ ಕಟ್ಟಿದ ಹುಡುಗ,
ಸೈಬರ್ ಸುರಕ್ಷತೆಯ ಭಾಷಣಕ್ಕೆ ಊರಿಗೆ ಬಂದವನು.
ಆಗುಂಬೆಯಲ್ಲಿ ಹುಟ್ಟಿದವಳಿಗೆ
ಮೋಡವನ್ನು ನಂಬು ಅನ್ನುತ್ತಾನೆ!
ಅಲ್ಲಿಟ್ಟದ್ದು ಒಂದಲ್ಲ ಒಂದು ದಿನ
ಊರವರ ತಲೆಮೇಲೆಲ್ಲ ಸುರಿಯುತ್ತದೆ ಮಾರಾಯ.

ನನ್ನ ಹತ್ತಿರ ಇರುವುದು ಇನ್ನೂರು ಪುಟದ ರಟ್ಟಿನ ನೋಟ್‌ಬುಕ್ಕು.
ನಾನೂರ ಮೂವತ್ತು ಜನರ ಪಾಸ್‌ವರ್ಡು ಅದರಲ್ಲಿ.
ನೋಡಿದ್ದೇ ಹುಡುಗನ ಮುಖ ಸುಣ್ಣ.
'ಗೂಢಲಿಪಿ ಇಲ್ಲವೆ?' ಅಂದ. ಓದು ನೋಡೋಣ, ಅಂದೆ.
ತಿರುವಿದ, ಓರೆ ಹಿಡಿದ, ಬಲ್ಬಿನ ಕೆಳಗೆ ಹಿಡಿದ.
ನನ್ನ ಕೈಬರಹ ಒಡಹುಟ್ಟಿದ ಅಕ್ಕನಿಗೇ ಬಿಡಿಸಲಾಗಿಲ್ಲ,
ಇವನು ಯಾವ ಊರ ದಾಸಯ್ಯ.

ಟೈಲರ್ ಫೈರೋಜಾಳಿಗೆ ಬ್ಯಾಂಕಿನಿಂದ ಎಂದು ಕರೆ: ಓಟಿಪಿ ಹೇಳಿ.
ಮುಂದಿದ್ದ ರವಿಕೆಯ ಅಳತೆ ಓದಿದಳು:
ಮೂವತ್ತಾರು, ಹದಿನಾಲ್ಕು, ಆರೂವರೆ.
'ಓಟಿಪಿಯಲ್ಲಿ ಅರ್ಧ ಬರೋದಿಲ್ಲ ಮೇಡಂ'
ಎಂದನಂತೆ ಕಳ್ಳ, ಪಾಪ, ಬಹಳ ಮರ್ಯಾದೆಯಿಂದ.

ಹೊಸನಗರ ಕಡೆಯ ಗುತ್ಯಮ್ಮ, ಜಂಬಿಟ್ಟಿಗೆ ಹೊತ್ತೂ ಹೊತ್ತೂ
ಬೆರಳಿನ ಗೆರೆ ಸವೆದವಳು. ಯಂತ್ರ ಗುರುತು ಸಿಗಲಿಲ್ಲ ಎಂದಿತು.
ಬೇರೆ ದಾರಿ ಉಂಟು: 'ನಾನು ರೋಬೋ ಅಲ್ಲ' ಎಂದು ರುಜುವಾತು.
ಒಂಬತ್ತು ಚಿತ್ರಗಳಲ್ಲಿ ಬೆಂಕಿ ಆರಿಸುವ ಕೆಂಪು ನಲ್ಲಿ ಯಾವುದು?
'ಕುಡಿಯೋ ನೀರಿನ ನಲ್ಲೀನೇ ನಮ್ಮಲ್ಲಿಲ್ಲ ಕಣವ್ವ' ಎಂದಳು.
ಇಷ್ಟು ವರ್ಷ ಅವಳನ್ನು ಯಂತ್ರದ ಹಾಗೆ ದುಡಿಸಿ
ಈಗ ಯಂತ್ರ ಕೇಳುತ್ತದೆ, ನೀನು ಮನುಷ್ಯಳೇ ಹೌದಾ?
ನಾನೇ ಒತ್ತಿದೆ. ನಾನೂ ಎರಡು ಸಲ ಫೇಲು.

ಇನ್ನು ದ್ಯಾವಪ್ಪ ಮೇಷ್ಟ್ರು.
ಅವರ ಪಾಸ್‌ವರ್ಡು ಒಂದು ಹೆಂಗಸಿನ ಹೆಸರು, ಜೊತೆಗೊಂದು ಇಸವಿ.
ಮನೆಯವರ ಹೆಸರಲ್ಲ.
ಮೂರು ತಿಂಗಳಿಗೊಮ್ಮೆ ಬದಲಿಸಿ ಎನ್ನುತ್ತದೆ ಪಿಂಚಣಿ ತಾಣ.
ಬರುತ್ತಾರೆ, ಹೆಸರು ಮುಟ್ಟುವುದಿಲ್ಲ,
ಇಸವಿ ಮಾತ್ರ ಒಂದು ಏರಿಸುತ್ತಾರೆ.
ಎಪ್ಪತ್ತೊಂದರಲ್ಲಿ ಶುರುವಾದದ್ದು ಈಗ ಎಂಬತ್ತಾರು.
'ಅವರಿಗೂ ವಯಸ್ಸಾಗ್ತಾ ಬಂತಲ್ಲ ಮೇಷ್ಟ್ರೆ' ಎಂದೆ ಒಮ್ಮೆ.
ನಗಲಿಲ್ಲ. ಹತ್ತು ರೂಪಾಯಿ ಇಟ್ಟರು, ಕೊಡೆ ಮರೆತು ಹೋದರು.
ಆ ಪುಟದ ಅಂಚಿಗೆ ಗಂಜಿ ಹಚ್ಚಿ ಅಂಟಿಸಿದ್ದೇನೆ,
ಮೂರು ತಿಂಗಳಿಗೊಮ್ಮೆ ಬಿಡಿಸಿ ಮತ್ತೆ ಅಂಟಿಸುತ್ತೇನೆ.

ಇಷ್ಟು ಹೇಳುವಷ್ಟರಲ್ಲಿ ಕರೆಂಟು ಹೋಯಿತು.
ಪರದೆ ಕಪ್ಪಾಯಿತು. ಲೈನು ಗೊಣಗಿತು.
ಗುತ್ಯಮ್ಮ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಬಿಚ್ಚಿದಳು.
ಟೈ ಹುಡುಗ ಇರಬೇಕಿತ್ತು, ತೋರಿಸುತ್ತಿದ್ದೆ:
ಯಾವ ಕಳ್ಳನೂ ನುಗ್ಗಲಾರದ ಗಣಕಯಂತ್ರ
ಸದ್ಯಕ್ಕೆ ಇಡೀ ಜಗತ್ತಿಗೆ ಒಂದೇ, ದುರ್ಗಿಗುಡಿಯಲ್ಲಿ.

ವಾಮನಾ, ಗುತ್ಯಮ್ಮಂಗೂ ನಂಗೂ
ಒಂದು ಬೈಟು ಕಾಫಿ.